ಕುರಿಯ ಕಿವಿ ನೋಡಿ ನಾಯಿಯನ್ನು ತಿದ್ದಿ: ಹಿಂಡು ಹೊಡೆಯುವ ನಾಯಿಯ ತಳಿ, ತರಬೇತಿ ಮತ್ತು ಪಂದ್ಯ

ಪುಣೆ–ಸೋಲಾಪುರ ಹೆದ್ದಾರಿಯನ್ನು ಅರವತ್ತು ಕುರಿಗಳೊಡನೆ ಒಬ್ಬರೇ ದಾಟಿದವರಿಗೆ ಹಿಂಡು ಹೊಡೆಯುವ ನಾಯಿ ಏಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ನಡೆದರೆ ಹಿಂದಿನವು ಕಬ್ಬಿಗೆ ನುಗ್ಗುತ್ತವೆ, ಹಿಂದೆ ನಿಂತರೆ ಮುಂದಿನವು ಲಾರಿಯ ಗಾಲಿಗೆ ಸಿಗುತ್ತವೆ. ನನ್ನ ಭಾವ ಬಾರಾಮತಿ ತಾಲ್ಲೂಕಿನ ಸುಪೆಯ ಹತ್ತಿರ ಕುರಿ ಸಾಕಿದ್ದಾರೆ. ಅಥಣಿಯ ಕಡೆಯಿಂದ ಬಂದು ಅಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಮೊದಲು ಅವರ ಇಬ್ಬರು ಮಕ್ಕಳು ಹಿಂಡಿನ ಎರಡು ಮಗ್ಗುಲಲ್ಲಿ ನಡೆಯುತ್ತಿದ್ದರು. ಈಗ ಇಬ್ಬರೂ ಕಾಲೇಜಿಗೆ ಹೋಗುತ್ತಾರೆ, ಹೋಗಲೇಬೇಕು. ಖಾಲಿಯಾದ ಆ ಎರಡು ಮಗ್ಗುಲಿಗಾಗಿ ನಾವು ನಾಯಿ ತಿದ್ದುವ ಕೆಲಸಕ್ಕೆ ಕೈ ಹಾಕಿದೆವು. ನಾನು ಪುಣೆಯ ಹಡಪಸರದಲ್ಲಿ ನೌಕರಿ ಮಾಡುತ್ತೇನೆ. ಶನಿವಾರ ರಾತ್ರಿ ಸುಪೆ ಸೇರಿದರೆ ಭಾನುವಾರ ಬೆಳಗಿನ ಹೊತ್ತೆಲ್ಲ ನಾಯಿ ಮತ್ತು ಕುರಿಗಳೊಡನೆ. ಒಂಬತ್ತು ವರ್ಷಗಳಲ್ಲಿ ನಾಲ್ಕು ನಾಯಿಗಳಿಗೆ ಕಲಿಸಿದ್ದೇವೆ. ಎರಡು ಚೆನ್ನಾಗಿ ದುಡಿಯುತ್ತಿವೆ, ಒಂದು ಸಾಧಾರಣ, ಇನ್ನೊಂದು ನಮ್ಮ ಆತುರದಿಂದ ಕೆಟ್ಟಿತು. ಆ ನಾಲ್ಕರಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಯಾವ ಕೆಲಸಕ್ಕೆ ನಾಯಿ?

ಮೊದಲ ಹೆಜ್ಜೆ ನಾಯಿ ಕೊಳ್ಳುವುದಲ್ಲ, ಕೆಲಸ ಗೊತ್ತುಮಾಡಿಕೊಳ್ಳುವುದು. ದಖ್ಖನಿನ ಕುರಿಗಾರರ ಬಳಿ ಇರುವ ನಾಯಿ ಹೆಚ್ಚಾಗಿ ಕಾವಲಿನ ನಾಯಿ. ರಾತ್ರಿ ಕುರಿ ಕೂಡುವ ಬಲೆಯ ಹೊರಗೆ ಮಲಗಿ, ತೋಳದ ಸುಳಿವು ಸಿಕ್ಕೊಡನೆ ಎದ್ದು ಬೊಗಳುತ್ತದೆ. ಇಂದಾಪುರದ ಕಡಬನವಾಡಿ, ಬಾರಾಮತಿಯ ಶಿರ್ಸುಫಳದ ಹುಲ್ಲುಗಾವಲುಗಳಲ್ಲಿ ತೋಳ ಇಂದಿಗೂ ಇದೆ, ಆದ್ದರಿಂದ ಈ ನಾಯಿ ಬೇಕೇ ಬೇಕು. ಅದು ಮರಿಯಿದ್ದಾಗಿನಿಂದ ಕುರಿಗಳ ನಡುವೆಯೇ ಬೆಳೆದು, ಅವುಗಳನ್ನು ತನ್ನವರೆಂದು ತಿಳಿದಿರುತ್ತದೆ. ಕುರಿಗಳಿಗೆ ಅದರ ಭಯವಿರಬಾರದು.

ಹಿಂಡು ಹೊಡೆಯುವ ನಾಯಿಯ ಬದುಕು ಇದಕ್ಕೆ ತೀರ ಎದುರು. ಅದನ್ನು ಕಂಡು ಕುರಿ ಜರುಗಬೇಕು. ಅದರ ಸುತ್ತುವಿಕೆ, ಹೊಂಚು, ದಿಟ್ಟಿಸಿ ನೋಡುವ ನೋಟ ಎಲ್ಲವೂ ತೋಳದ ಬೇಟೆಯಿಂದಲೇ ಬಂದವು. ಕೊನೆಯ ಕಚ್ಚುವಿಕೆಯನ್ನು ಮಾತ್ರ ಮನುಷ್ಯ ತಲೆಮಾರುಗಳ ಆಯ್ಕೆಯಿಂದ ತಡೆದಿದ್ದಾನೆ. ಒಂದೇ ನಾಯಿಯಿಂದ ಎರಡೂ ಕೆಲಸ ಮಾಡಿಸಲು ಹೋಗಬೇಡಿ. ಹಗಲು ಅಟ್ಟಿದ ನಾಯಿ ರಾತ್ರಿ ಬಲೆಯೊಳಗೆ ಮಲಗಿದರೆ ಕುರಿಗಳು ಮೆಲುಕು ಹಾಕುವುದಿಲ್ಲ.

ಹಿಂಡು ಹೊಡೆಯುವುದರಲ್ಲಿಯೂ ಎರಡು ಬಗೆಯಿದೆ. ಬ್ರಿಟನ್ನಿನ ಬಾರ್ಡರ್ ಕೋಲಿ ದೂರದ ಗುಡ್ಡಕ್ಕೆ ಹೋಗಿ ಚದುರಿದ ಕುರಿಗಳನ್ನು ಕೂಡಿಸಿ ಒಡೆಯನ ಬಳಿಗೆ ತರುತ್ತದೆ. ಜರ್ಮನಿಯಲ್ಲಿ ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯಿಸುವ ಪದ್ಧತಿ. ಅಲ್ಲಿನ ನಾಯಿ ಬದುವಿನ ಮೇಲೆ ಹಿಂದೆ ಮುಂದೆ ಓಡಾಡುತ್ತ ತಾನೇ ಬೇಲಿಯಾಗುತ್ತದೆ. ನಾವು ಪೊಲೀಸ್ ನಾಯಿಯೆಂದು ಗುರುತಿಸುವ ಜರ್ಮನ್ ಶೆಫರ್ಡ್ ಹುಟ್ಟಿದ್ದು ಈ ಕೆಲಸದಿಂದ; 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಆ ತಳಿಗೆ ಅಡಿಪಾಯ ಹಾಕಿದ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಈರುಳ್ಳಿ, ನಡುವೆ ಹತ್ತು ಮಾರು ಬೀಳು ಇರುವ ನಮ್ಮ ಬಾರಾಮತಿ, ದೌಂಡ್ ಕಡೆಗೆ ಈ ಬದು ಕಾಯುವ ಕೆಲಸವೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೂ ಕೂಡಿಸಿ ತರುವುದನ್ನು ಮೊದಲು ಕಲಿಸಬೇಕು. ಅದು ಬಂದ ನಾಯಿಗೆ ಬದು ಕಾಯುವುದು ಬೇಗ ಬರುತ್ತದೆ.

ಮುಧೋಳ ನಾಯಿ ಆಗುತ್ತದೆಯೇ ಎಂದು ನಮ್ಮ ಕಡೆಯವರು ತಪ್ಪದೆ ಕೇಳುತ್ತಾರೆ. ಮುಧೋಳದ ಮೇಲೆ ನನಗೂ ಅಭಿಮಾನವಿದೆ, ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟಿ ಹಿಡಿಯಲು ಬೆಳೆಸಿದ ನಾಯಿ. ಓಡುವ ಕುರಿಯ ಹಿಂದೆ ಅದನ್ನು ಬಿಟ್ಟು ಆಮೇಲೆ ಬೈಯುವುದು ನ್ಯಾಯವಲ್ಲ.

ತಾಯಿ ತಂದೆಯ ಕೆಲಸ ನೋಡಿ

ಪುಣೆಯಲ್ಲಿ ಬಾರ್ಡರ್ ಕೋಲಿ ಮರಿಗಳು ಮಾರಾಟಕ್ಕೆ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಮನೆಯಲ್ಲಿ ಸಾಕಲು ಬೆಳೆಸಿದ ಸಾಲಿನವು; ಹಲವು ತಲೆಮಾರುಗಳಿಂದ ಕುರಿಯ ಮುಖ ನೋಡಿಲ್ಲ. ನಮ್ಮ ಮೊದಲ ಮರಿಯನ್ನು ನಾನು ಬಣ್ಣ ನೋಡಿ ತಂದೆ. ಬೂದು ನೀಲಿಯ ಮೇಲೆ ಕಪ್ಪು ಮಚ್ಚೆ, ಒಂದು ಕಣ್ಣು ನೀಲಿ. ಮಾರಿದವರು ಕಾಗದ ಪತ್ರವನ್ನೂ ಕೊಟ್ಟರು. ಮೂರು ತಿಂಗಳಾದ ಮೇಲೆ, ಹಿಂದಿನಿಂದ ತಟ್ಟೆ ಬಡಿದರೂ ಅದು ತಿರುಗುವುದಿಲ್ಲ ಎಂಬುದು ನಮಗೆ ಗೊತ್ತಾಯಿತು. ಮೆರ್ಲ್ ಎನ್ನುವ ಆ ಮಚ್ಚೆ ಬಣ್ಣದ ಎರಡು ನಾಯಿಗಳನ್ನು ಒಂದಕ್ಕೊಂದು ಕೂಡಿಸಿದರೆ ಮರಿಗಳಲ್ಲಿ ಕೆಲವು ಕಿವುಡಾಗಿ, ಕುರುಡಾಗಿ ಹುಟ್ಟುತ್ತವೆ. ಕೇಳಿದಾಗ ತಂದೆ ತಾಯಿ ಎರಡೂ ಅದೇ ಬಣ್ಣದವೆಂದು ಮಾರಿದವರೇ ಒಪ್ಪಿಕೊಂಡರು. ಆ ನಾಯಿ ಇಂದಿಗೂ ನನ್ನ ಮನೆಯಲ್ಲಿದೆ, ಪ್ರೀತಿಯಿಂದಿದೆ. ನಾನು ಒಂಬತ್ತು ವರ್ಷ, ನಾಲ್ಕು ನಾಯಿ ಎಂದ ಲೆಕ್ಕದಲ್ಲಿ ಅದು ಸೇರಿಲ್ಲ, ಏಕೆಂದರೆ ಸೀಟಿ ಕೇಳದ ನಾಯಿಯನ್ನು ರಸ್ತೆಯ ಬದಿಯ ಹಿಂಡಿಗೆ ಬಿಡುವಂತಿಲ್ಲ.

ಆದ್ದರಿಂದ ನಿಯಮ ಒಂದೇ: ತಾಯಿ, ತಂದೆ ಎರಡನ್ನೂ ಕುರಿಯ ಮೇಲೆ ಕೆಲಸ ಮಾಡುವಾಗ ನೋಡಿ. ಒಂದು ಸಲವಲ್ಲ, ಬೇರೆ ಬೇರೆ ಹಿಂಡಿನ ಮೇಲೆ ಮೂರು ಸಲ. ನಿಲ್ಲು ಎಂದರೆ ನಿಲ್ಲುತ್ತದೆಯೇ? ಅರ್ಧ ಗಂಟೆ ದುಡಿದ ಮೇಲೂ ತಲೆ ಎತ್ತಿ ಮಾತಿಗೆ ಕಾಯುತ್ತದೆಯೇ? ಮೊಂಡ ಟಗರು ತಿರುಗಿ ನಿಂತರೆ ಹಿಂಜರಿಯುತ್ತದೆಯೇ, ಹಾರಿ ಕಚ್ಚುತ್ತದೆಯೇ, ಅಥವಾ ನಿಂತಲ್ಲೇ ನಿಂತು ಟಗರಿನ ಕಣ್ಣನ್ನೇ ನೋಡಿ ಅದನ್ನು ಹಿಂದಕ್ಕೆ ಸರಿಸುತ್ತದೆಯೇ? ಕೊನೆಯದನ್ನು ಮಾಡುವ ನಾಯಿಯ ಮರಿಗೆ ವರ್ಷಗಟ್ಟಲೆ ಕಾದರೂ ನಷ್ಟವಿಲ್ಲ.

ಜೋಡಿ ಕೂಡಿಸುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷ ಎನಿಸಿದ ಓಲ್ಡ್ ಹೆಂಪ್ 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡಿನಲ್ಲಿ ಆಡಂ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹುಟ್ಟಿದ. ಅವನ ತಂದೆ ರಾಯ್ ಸರಳ ಸ್ವಭಾವದ, ದಿಟ್ಟಿ (ಕುರಿಯನ್ನು ದಿಟ್ಟಿಸಿ ಹಿಡಿಯುವ ನೋಟ) ಕಡಿಮೆಯಿದ್ದ ನಾಯಿ. ತಾಯಿ ಮೆಗ್ ನಾಚಿಕೆಯ ಸ್ವಭಾವದ್ದು, ಆದರೆ ದಿಟ್ಟಿ ಬಲವಾಗಿತ್ತು. ಕುರಿಯ ಮೇಲೆ ಕಣ್ಣು ನೆಟ್ಟರೆ ಅಲ್ಲಿಯೇ ಅಂಟಿಕೊಳ್ಳುವಷ್ಟು. ಎರಡೂ ಅತಿಗಳು ಸೇರಿ ನಡುವೆ ನಿಂತದ್ದು ಹೆಂಪ್. 1901ರಲ್ಲಿ ಅವನು ಸತ್ತಾಗ ಅವನ ಸಂತತಿ ಊರೂರಿಗೆ ಹರಡಿತ್ತು. ಬಲವಾದ ದಿಟ್ಟಿಯ ಎರಡು ನಾಯಿಗಳನ್ನು ಕೂಡಿಸಿದರೆ ಕುರಿಯೆದುರು ಕಲ್ಲಾಗಿ ನಿಲ್ಲುವ ಮರಿ ಬರುತ್ತದೆ. ಎಷ್ಟು ಕರೆದರೂ ಏಳುವುದಿಲ್ಲ.

ಸ್ಥಳೀಯ ನಾಯಿಯನ್ನೂ ಕಡೆಗಣಿಸಬೇಡಿ. ಹಿಂಡಿನ ಹಿಂದೆ ಬೊಗಳುತ್ತ ಓಡುವ ನಾಯಿಗಳು ನೂರು ಇರುತ್ತವೆ, ಯಾರೂ ಹೇಳದೆ ಹಿಂಡನ್ನು ಬಳಸಿ ಮುಂದಕ್ಕೆ ಹೋಗಿ ನಿಲ್ಲುವುದು ಎಲ್ಲೋ ಒಂದು. ನಮ್ಮ ಕೆಂಚ ಅಂಥದ್ದು. ಸುಪೆಯ ಸಂತೆಯ ಬಳಿ ಸಿಕ್ಕ ಕೆಂಪು ಬಣ್ಣದ, ತೆಳು ಕೂದಲಿನ ನಾಯಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ದಟ್ಟ ಕೂದಲಿನ ಕೋಲಿ ಎಂಟು ಗಂಟೆಗೇ ನೆರಳು ಹುಡುಕಿದರೆ ಕೆಂಚ ಹತ್ತರವರೆಗೆ ದುಡಿಯುತ್ತದೆ. ಅದರ ಮರಿಗಳೆಲ್ಲ ಹಾಗೆಯೇ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಐದರಲ್ಲಿ ಒಂದಕ್ಕೆ ಮಾತ್ರ ಆ ಗುಣ ಬಂತು. ತಲೆಮಾರುಗಳ ಆಯ್ಕೆಯಿಲ್ಲದ ಸಾಲಿನಲ್ಲಿ ಅಷ್ಟೇ ನಿರೀಕ್ಷಿಸಬೇಕು.

ಇನ್ನು ಬೆದೆ, ಗರ್ಭದ ವಿಷಯ. ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೊದಲ ಬೆದೆಗೆ ಕೂಡಿಸಬೇಡಿ. ಅದು ಬೆಳೆದು, ಕೆಲಸ ಕಲಿತು, ಎರಡು ವರ್ಷ ತುಂಬಲಿ. ಕೆಲಸ ನೋಡದೆ ಮರಿ ಮಾಡಿಸಿದರೆ ಆಯ್ಕೆ ಎಂಬ ಮಾತಿಗೆ ಅರ್ಥವೇ ಇಲ್ಲ. ರಕ್ತ ಕಾಣಿಸಿದ ದಿನದಿಂದ ಎಣಿಸಿ ಹತ್ತರಿಂದ ಹದಿನಾಲ್ಕನೆಯ ದಿನದ ನಡುವೆ ಹೆಚ್ಚಿನವು ಗಂಡನ್ನು ಒಪ್ಪುತ್ತವೆ. ಗರ್ಭ ಸುಮಾರು 63 ದಿನ. ಕೊನೆಯ ವಾರ ದಿನಕ್ಕೆರಡು ಸಲ ಜ್ವರಮಾಪಕದಿಂದ ಮೈಬಿಸಿ ನೋಡಿ. ಮಾಮೂಲಿ 38 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವುದು 37ರ ಆಸುಪಾಸಿಗೆ ಇಳಿದರೆ ಒಂದು ದಿನದೊಳಗೆ ಮರಿ ಹಾಕುತ್ತದೆ. ಕೂಡಿಸುವ ಮೊದಲು ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ. ಕೋಲಿಗಳಾದರೆ ಹುಟ್ಟು ಕಣ್ಣಿನ ದೋಷ ಮತ್ತು ಟಿಎನ್‌ಎಸ್ ಎಂಬ ರಕ್ತದ ದೋಷಕ್ಕೆ ಡಿಎನ್‌ಎ ಪರೀಕ್ಷೆ ಮಾಡಿಸಿ. ವ್ಯಾಪಾರಕ್ಕಾಗಿ ತಳಿ ಬೆಳೆಸಲು ಹೊರದೇಶದಿಂದ ನಾಯಿ ತರುವುದಕ್ಕೆ 2016ರಲ್ಲಿ ನಿರ್ಬಂಧ ಬಂದದ್ದರಿಂದ ಇಲ್ಲಿನ ಕೋಲಿಗಳು ಒಂದಕ್ಕೊಂದು ಸಂಬಂಧಿಗಳಾಗಿರುವ ಸಾಧ್ಯತೆ ಹೆಚ್ಚು. ಮೂರು ತಲೆಮಾರಿನ ವಂಶಾವಳಿ ನೋಡದೆ ಮುಂದುವರಿಯಬೇಡಿ. ಮರಿ ಮಾರುವ ಉದ್ದೇಶವಿದ್ದರೆ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಎಂಟು ವಾರದ ಮರಿಯನ್ನು ನೋಡಿ ಇದು ಕೆಲಸಕ್ಕೆ ಆಗುತ್ತದೆ, ಆಗುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ಅದು ಯಾರಿಗೂ ಗೊತ್ತಾಗುವುದಿಲ್ಲ. ಧೈರ್ಯವಾಗಿ ಹತ್ತಿರ ಬರುವ, ಸದ್ದಿಗೆ ಬೆಚ್ಚಿದರೂ ಮತ್ತೆ ಮೂಸಲು ಬರುವ ಮರಿ ತೆಗೆದುಕೊಳ್ಳಿ, ಅಷ್ಟು ಸಾಕು.

ಮೊದಲ ಎಂಟು ತಿಂಗಳು

ಈ ಹೊತ್ತಿನಲ್ಲಿ ಮೂರೇ ಪಾಠ: ಹೆಸರಿಗೆ ತಿರುಗುವುದು, ಕರೆದರೆ ಬರುವುದು, ಹೇಳಿದಲ್ಲಿ ಕೂಡುವುದು. ಕಟ್ಟಿಹಾಕಿದರೆ ಅಳದೆ ಇರುವುದನ್ನೂ ಸೇರಿಸಿಕೊಳ್ಳಿ. ಕುರಿಯ ವಾಸನೆ, ದೊಡ್ಡಿಯ ಸದ್ದು, ಮೋಟಾರ್ ಸೈಕಲ್ಲು, ಕೊಡೆ ಬಿಚ್ಚುವುದು ಎಲ್ಲವೂ ಮೂರು ತಿಂಗಳೊಳಗೆ ಪರಿಚಯವಾಗಲಿ. ಆದರೆ ಒಂದು ಎಚ್ಚರಿಕೆ. ಮರಿಯನ್ನು ಕುರಿಗಳ ನಡುವೆ ಒಂಟಿಯಾಗಿ ಬಿಡಬೇಡಿ. ಒಮ್ಮೆ ತಾಯಿಕುರಿ ಹಾಯ್ದರೆ ಜನ್ಮಕ್ಕೆ ಹೆದರುತ್ತದೆ. ಒಮ್ಮೆ ಕುರಿಮರಿಯನ್ನು ಅಟ್ಟಿಸಿ ಓಡಿಸಿದ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ನಮ್ಮ ಕೈಯಲ್ಲಿ ಕೆಟ್ಟ ನಾಯಿ ಹೀಗೆಯೇ ಕೆಟ್ಟಿತು. ಐದು ತಿಂಗಳಿಗೇ ಅದರ ಹುರುಪು ಕಂಡು ಖುಷಿಪಟ್ಟು ಹಿಂಡಿಗೆ ಬಿಟ್ಟೆವು. ಅದಕ್ಕೆ ಕುರಿಗಿಂತ ವೇಗವಾಗಿ ಓಡಿ ಮುಂದೆ ಹೋಗುವ ಕಾಲ್ಬಲ ಇನ್ನೂ ಬಂದಿರಲಿಲ್ಲ. ಹಿಂದೆ ಹಿಂದೆಯೇ ಓಡಿ ಹಿಂಗಾಲು ಕಚ್ಚುವುದನ್ನು ಕಲಿಯಿತು.

ಕುರಿಗಳನ್ನು ಮೊದಲು ತಿದ್ದಿ

ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಖ್ಖನಿ ಕುರಿ ಮನುಷ್ಯನ ಹಿಂದೆ, ಇಲ್ಲವೆ ಮುಂದೆ ನಡೆಯುವ ಹೋತದ ಹಿಂದೆ ಹೋಗಿ ರೂಢಿಯಾದ ಪ್ರಾಣಿ. ನಾಯಿ ಎಂದರೆ ಅದಕ್ಕೆ ಒಂದೋ ತನ್ನ ಕಾವಲಿನ ನಾಯಿ, ಇಲ್ಲವೆ ಮೇಲೆ ಬೀಳುವ ಬೀದಿ ನಾಯಿ. ಮೌನವಾಗಿ ದೂರ ನಿಂತು ನೋಡುವ ನಾಯಿಯನ್ನು ಅದು ಕಂಡೇ ಇಲ್ಲ. ಮೊದಲ ದಿನ ನಮ್ಮ ಕುರಿಗಳು ಚೆಂಡಿನಂತೆ ಒತ್ತಿಕೊಂಡು ಭಾವನ ಕಾಲಿಗೆ ಬಂದು ಮೆತ್ತಿಕೊಂಡವು. ಅವರನ್ನು ಕೆಡವುವುದೊಂದು ಬಾಕಿ. ಅಂಥ ಕುರಿಗಳ ಮೇಲೆ ನಾಯಿ ಏನನ್ನೂ ಕಲಿಯುವುದಿಲ್ಲ.

ಐದಾರು ಆರೋಗ್ಯವಂತ, ಒಂದು ವರ್ಷ ದಾಟಿದ, ಬರಡು ಕುರಿಗಳನ್ನು ಆರಿಸಿಕೊಳ್ಳಿ. ಗಬ್ಬದ ಕುರಿ, ಹಾಲೂಡುವ ಕುರಿ, ಟಗರು ಬೇಡ. ಜತ್ತ ತಾಲ್ಲೂಕಿನ ಮಾಡಗ್ಯಾಳದಂಥ ಬೆಲೆಬಾಳುವ ಕುರಿಗಳನ್ನಂತೂ ಪಾಠಕ್ಕೆ ತರಲೇಬೇಡಿ. ಕೆಲಸ ಬಲ್ಲ ದೊಡ್ಡ ನಾಯಿಯನ್ನು ಹಗ್ಗದಲ್ಲಿ ಹಿಡಿದು ದಿನಕ್ಕೆ ಹತ್ತು ನಿಮಿಷ ಅವುಗಳ ಸುತ್ತ ನಡೆಯಿರಿ. ನಾಯಿ ಹತ್ತಿರ ಬಂದರೆ ಜರುಗಬೇಕು, ಜರುಗಿದರೆ ನಾಯಿ ನಿಲ್ಲುತ್ತದೆ ಎಂಬ ಒಪ್ಪಂದ ಕುರಿಗೆ ಅರ್ಥವಾಗಲು ಎರಡು ವಾರ ಬೇಕು. ದೊಡ್ಡ ನಾಯಿ ಇಲ್ಲದಿದ್ದರೆ ನೀವೇ ಕೈಯಲ್ಲಿ ಕೋಲು ಹಿಡಿದು ಆ ಕೆಲಸ ಮಾಡಬಹುದು.

ಆ ಎರಡು ವಾರಗಳಲ್ಲಿ ನಾನು ಬಹಳ ಕಲಿತೆ. ಪ್ರತಿ ಕುರಿಗೂ ತನ್ನ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಗೆರೆಯ ಹೊರಗಿದ್ದರೆ ಅದು ನಿಮ್ಮನ್ನು ನೋಡುತ್ತದೆ, ಗೆರೆ ಮೆಟ್ಟಿದರೆ ಜರುಗುತ್ತದೆ, ಗೆರೆಯನ್ನು ಥಟ್ಟನೆ ದಾಟಿ ಒಳಹೊಕ್ಕರೆ ಕೆದರಿ ಓಡುತ್ತದೆ. ಹೆಗಲಿನ ಹಿಂದಿನಿಂದ ಒತ್ತಿದರೆ ಮುಂದೆ ಹೋಗುತ್ತದೆ, ಹೆಗಲಿನ ಮುಂದೆ ಬಂದರೆ ತಿರುಗುತ್ತದೆ. ನಾನು ನಾಯಿಯನ್ನೇ ನೋಡುತ್ತ ಕೂಗಾಡುತ್ತಿದ್ದಾಗ ಭಾವ ಹೇಳಿದರು: "ನಾಯಿಯನ್ನೇನು ನೋಡುತ್ತೀಯಪ್ಪ, ಕುರಿಯ ಕಿವಿ ನೋಡು. ಅದು ಯಾವ ಕಡೆಗೆ ಹೋಗುತ್ತದೆ ಎಂದು ಕಾಲಿಗಿಂತ ಮೊದಲು ಕಿವಿ ಹೇಳುತ್ತದೆ." ಹಾಗೆಯೇ ನೋಡಿದೆ. ಅಂಚಿನಲ್ಲಿದ್ದ ಒಂದು ಕರಿ ಕುರಿಯ ಎಡ ಕಿವಿ ಕಬ್ಬಿನ ಕಡೆಗೆ ಹೊರಳಿತು, ಬಲ ಕಿವಿ ನಾಯಿಯ ಮೇಲೆಯೇ ಇತ್ತು. ಒಂದು ಉಸಿರು ಬಿಡುವಷ್ಟು ಹೊತ್ತು. ಆಮೇಲೆ ಕತ್ತು ಹೊರಳಿತು, ಆಮೇಲೆ ಕಾಲು. ಆ ಒಂದು ಉಸಿರಿನೊಳಗೆ ನಾಯಿಗೆ ಮಾತು ಮುಟ್ಟಿದರೆ ಕುರಿ ಕಬ್ಬಿಗೆ ಹೋಗುವುದಿಲ್ಲ.

ಕುರಿಯೆದುರು ಮೊದಲ ಪಾಠ

ನಾಯಿಗೆ ಎಂಟರಿಂದ ಹನ್ನೆರಡು ತಿಂಗಳಾದಾಗ, ಕುರಿಯನ್ನು ಹಿಂದಿಕ್ಕಿ ಓಡಬಲ್ಲದು ಎಂದು ಖಾತ್ರಿಯಾದಾಗ ಶುರುಮಾಡಿ. ರಾತ್ರಿ ಕುರಿ ಕೂಡುವ ಬಲೆಯನ್ನೇ ಇಪ್ಪತ್ತೈದು ಮೀಟರ್ ಅಗಲದ ದುಂಡಾದ ಅಂಗಳವಾಗಿ ಕಟ್ಟಿ. ಮೂಲೆಗಳಿರಬಾರದು, ಮೂಲೆಯಲ್ಲಿ ಕುರಿ ಅಂಟಿಕೊಂಡರೆ ನಾಯಿ ಕಚ್ಚುತ್ತದೆ. ಕೊರಳಿಗೆ ಹತ್ತು ಮೀಟರಿನ ಹಗುರ ಹಗ್ಗ ಕಟ್ಟಿ ನೆಲದ ಮೇಲೆ ಎಳೆಯಲು ಬಿಡಿ.

ಗಡಿಯಾರದ ಮುಖವನ್ನು ಕಣ್ಣಮುಂದೆ ತಂದುಕೊಳ್ಳಿ. ನಡುವೆ ಕುರಿಗಳು, ನೀವು ಆರರ ಅಂಕಿಯಲ್ಲಿ. ನಾಯಿಯ ಹುಟ್ಟುಗುಣ ಅದನ್ನು ಹನ್ನೆರಡಕ್ಕೆ ಕೊಂಡೊಯ್ಯುತ್ತದೆ, ಅಂದರೆ ನಿಮ್ಮ ಎದುರಿಗೆ, ಕುರಿಗಳ ಆಚೆಗೆ. ಅದು ಅಲ್ಲಿ ತಲುಪಿದ ಕ್ಷಣ ನೀವು ಹಿಂದಕ್ಕೆ ನಡೆಯಿರಿ. ಕುರಿಗಳು ನಿಮ್ಮ ಹಿಂದೆ ಬರುತ್ತವೆ, ನಾಯಿ ಅವುಗಳ ಹಿಂದೆ. ನಾಯಿಗೆ ಬೇರೆ ತಿಂಡಿಯ ಬಹುಮಾನ ಬೇಡ, ಕುರಿ ಸಿಕ್ಕಿದ್ದೇ ಬಹುಮಾನ. ಮೊದಲ ದಿನ ಐದು ನಿಮಿಷ. ನಾಯಿಗೆ ಇನ್ನೂ ಬೇಕು ಅನಿಸುತ್ತಿರುವಾಗಲೇ ಕರೆದುಕೊಂಡು ಬನ್ನಿ.

ಬಾಲ ನೋಡುವುದನ್ನೂ ರೂಢಿಸಿಕೊಳ್ಳಿ. ಕೆಳಗಿಳಿದು ಹಿಂಗಾಲುಗಳ ನಡುವೆ ಬಾಗಿದ್ದರೆ ನಾಯಿಯ ತಲೆ ಕೆಲಸದಲ್ಲಿದೆ. ಬಾಲ ಮೇಲೆದ್ದರೆ ಅದಕ್ಕೆ ಆಟ ಹತ್ತಿದೆ ಎಂದರ್ಥ. ಮುಂದಿನ ಹೆಜ್ಜೆ ಓಟ, ಅದರ ಮುಂದಿನದು ಹಲ್ಲು. ಕಚ್ಚಿದರೆ ಹೊಡೆಯಬೇಡಿ. ಹಗ್ಗ ಮೆಟ್ಟಿ ನಿಲ್ಲಿಸಿ, ಅಂಗಳದಿಂದ ಹೊರಗೆ ತನ್ನಿ, ಹತ್ತು ನಿಮಿಷ ಕಟ್ಟಿಹಾಕಿ. ಕುರಿ ಕೈತಪ್ಪಿತು ಎಂಬುದೇ ಅದಕ್ಕೆ ದೊಡ್ಡ ಶಿಕ್ಷೆ.

ಈಗ ಮಾತುಗಳು. ನಾವು ಮೊದಲು "ಎಡಕ್ಕೆ", "ಬಲಕ್ಕೆ" ಎಂದು ಕಲಿಸಿ ಆರು ತಿಂಗಳು ಕಳೆದುಕೊಂಡೆವು. ನೂರು ಮೀಟರ್ ದೂರಕ್ಕೆ, ಸುಪೆಯ ಆ ಗಾಳಿಯಲ್ಲಿ, ನಾಯಿಯ ಕಿವಿಗೆ ಮುಟ್ಟುವುದು ಎರಡರ ಕೊನೆಯ "ಕ್ಕೆ" ಮಾತ್ರ. ಅಲ್ಲದೆ ನಾಯಿ ನಿಮ್ಮ ಕಡೆ ಮುಖಮಾಡಿದಾಗ ಅದರ ಎಡ ನಿಮ್ಮ ಬಲವಾಗುತ್ತದೆ. ಬ್ರಿಟನ್ನಿನ ಕುರಿಗಾರರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ: ಎಡ ಬಲ ಬಿಟ್ಟು, ಗಡಿಯಾರದ ಮುಳ್ಳಿನ ದಿಕ್ಕಿಗೆ "ಕಮ್ ಬೈ", ಅದರ ಎದುರು ದಿಕ್ಕಿಗೆ "ಅವೇ". ಕುರಿಯನ್ನು ನಡುವಿಟ್ಟು ಸುತ್ತುವ ದಿಕ್ಕು ಯಾರು ಎಲ್ಲಿ ನಿಂತರೂ ಬದಲಾಗುವುದಿಲ್ಲ. ನಾವು ಈಗ ಮುಳ್ಳಿನ ದಿಕ್ಕಿಗೆ "ಬಳಸು" ಎನ್ನುತ್ತೇವೆ, ಎದುರು ದಿಕ್ಕಿಗೆ "ಆಚೆ". ನಿಲ್ಲಲು "ಕೂಡು", ಕುರಿಯ ಕಡೆಗೆ ನೇರ ನಡೆಯಲು "ನಡಿ", ಕೆಲಸ ಬಿಟ್ಟು ಬರಲು "ಸಾಕು ಬಾ". ನಿಮ್ಮ ನಾಲಿಗೆಗೆ ಸುಲಭವಾದ ಬೇರೆ ಮಾತು ಆರಿಸಬಹುದು. ಒಂದರಂತೆ ಇನ್ನೊಂದು ಕೇಳದಿದ್ದರೆ ಸರಿ. ನಾಯಿ ತಾನಾಗಿಯೇ ಒಂದು ಕಡೆಗೆ ಸುತ್ತುತ್ತಿರುವಾಗ ಆ ಮಾತು ಹೇಳಿ. ಮೊದಲು ಮಾತು ಹೇಳಿ ಆಮೇಲೆ ತಳ್ಳಬೇಡಿ. ಸೀಟಿಯನ್ನು ಆಮೇಲೆ ಸೇರಿಸಿ, ಕೂಡುವುದಕ್ಕೆ ಉದ್ದನೆಯ ಒಂದೇ ಸೀಟಿ.

ಬಲೆಯ ಹೊರಗೆ

"ಕೂಡು" ಎಂದರೆ ಹತ್ತಕ್ಕೆ ಒಂಬತ್ತು ಸಲ ಕೂಡುವವರೆಗೂ ಬಲೆ ಬಿಚ್ಚಬೇಡಿ. ಬಿಚ್ಚಿದ ಮೇಲಿನ ಕೆಲಸಗಳಿಗೆ ಕುರಿಗಾರರ ಬಾಯಲ್ಲಿ ಆಗಲೇ ಹೆಸರುಗಳಿವೆ: ಸುತ್ತಿಹೋಗುವುದು, ಎಬ್ಬಿಸುವುದು, ತರುವುದು, ಅಟ್ಟುವುದು, ಬೇರ್ಪಡಿಸುವುದು, ಕೂಡಿಹಾಕುವುದು.

ಸುತ್ತಿಹೋಗುವುದರಲ್ಲಿ ನಾಯಿಯ ದಾರಿ ಪೇರಲ ಹಣ್ಣಿನ ಆಕಾರದಲ್ಲಿರಬೇಕು: ನಿಮ್ಮ ಕಾಲಬುಡದಲ್ಲಿ ಕಿರಿದು, ಕುರಿಗಳ ಬಳಿ ಅಗಲ. ಇಪ್ಪತ್ತು ಮೀಟರಿನಿಂದ ಶುರುಮಾಡಿ ವಾರಕ್ಕಿಷ್ಟು ಹೆಚ್ಚಿಸಿ. ನಾಯಿ ನೇರವಾಗಿ ಕುರಿಯೊಳಕ್ಕೆ ಕತ್ತರಿಸಿ ಹೋಗತೊಡಗಿದರೆ ಇದ್ದಲ್ಲಿಂದಲೇ ಕೂಗುವುದರಲ್ಲಿ ಪ್ರಯೋಜನವಿಲ್ಲ. ದೂರ ಕಡಿಮೆ ಮಾಡಿ, ನಾಯಿ ಮತ್ತು ಕುರಿಗಳ ನಡುವೆ ನೀವು ನಿಂತು, ಅದು ಒಳಬರುವಾಗ ಅದರ ಹೆಗಲಿನ ಕಡೆಗೆ ನಡೆಯಿರಿ. ಅದು ತಾನಾಗಿ ಅಗಲವಾಗುತ್ತದೆ.

ಎಬ್ಬಿಸುವುದು ಎರಡು ಮೂರು ಸೆಕೆಂಡಿನ ಕೆಲಸ, ಇಡೀ ದಿನದ ಹಣೆಬರಹ ಅಲ್ಲಿಯೇ ಬರೆಯಲ್ಪಡುತ್ತದೆ. ಹನ್ನೆರಡರ ಅಂಕಿ ಮುಟ್ಟಿದ ನಾಯಿ ಅರೆಗಳಿಗೆ ನಿಲ್ಲಬೇಕು. ಕುರಿಗಳು ತಲೆಯೆತ್ತಿ ನೋಡಬೇಕು. ನಾಯಿ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಡಬೇಕು, ಆಗ ಕುರಿಗಳು ಮೇಯುವುದು ಬಿಟ್ಟು ಹೊರಡಬೇಕು. ಹೀಗೆ ಎದ್ದ ಹಿಂಡು ನಡೆದುಕೊಂಡು ಬರುತ್ತದೆ. ಬೆದರಿ ಎದ್ದ ಹಿಂಡು ಕಡೆಯವರೆಗೂ ಬೆದರಿಯೇ ಇರುತ್ತದೆ.

ಅಟ್ಟುವುದು, ಅಂದರೆ ಕುರಿಗಳನ್ನು ನಿಮ್ಮಿಂದ ದೂರಕ್ಕೆ ಒಯ್ಯುವುದು, ನಾಯಿಯ ಹುಟ್ಟುಗುಣಕ್ಕೆ ವಿರುದ್ಧ. ಅದು ಮತ್ತೆ ಮತ್ತೆ ಮುಂದೆ ಹೋಗಿ ನಿಮ್ಮ ಕಡೆಗೇ ತಿರುಗಿಸಲು ನೋಡುತ್ತದೆ. ಮೊದಲು ನಾಯಿಯ ಪಕ್ಕದಲ್ಲಿ ನೀವೂ ನಡೆಯಿರಿ, ದಿನ ಕಳೆದಂತೆ ಒಂದೊಂದು ಹೆಜ್ಜೆ ಹಿಂದುಳಿಯಿರಿ. ನಮ್ಮ ನಾಯಿ ಚಂದ್ರಿಗೆ ಇದನ್ನು ಕಲಿಯಲು ಒಂದು ಪೂರ್ತಿ ಚಳಿಗಾಲ ಹಿಡಿಯಿತು. ಬೇರ್ಪಡಿಸುವುದಕ್ಕೆ ಕುರಿಗಳ ನಡುವೆ ಕಿಂಡಿ ಬಿದ್ದಾಗ ನಾಯಿಯನ್ನು ನಿಮ್ಮ ಕಡೆಗೆ ಕರೆಯಿರಿ; ಕುಂಟುವ ಒಂದು ಕುರಿಯನ್ನು ಔಷಧಕ್ಕಾಗಿ ಬೇರೆ ಮಾಡುವಾಗ ಇದರ ಬೆಲೆ ತಿಳಿಯುತ್ತದೆ.

ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಎಂಟರೊಳಗೆ ಪಾಠ ಮುಗಿಸಿ. ಡಾಂಬರಿನ ಮೇಲೆ ಅಂಗೈ ಇಟ್ಟು ನೋಡಿ, ನಿಮಗೆ ತಾಳದಿದ್ದರೆ ನಾಯಿಯ ಪಾದಕ್ಕೂ ತಾಳದು. ಸುಪೆಯ ಮಯೂರೇಶ್ವರ ಅಭಯಾರಣ್ಯದಲ್ಲಿ ಚಿಂಕಾರ ಎಂಬ ಹುಲ್ಲೆಗಳಿವೆ. ಅದರ ಅಂಚಿಗೂ ಎಳೆಯ ನಾಯಿಯನ್ನು ಬಿಚ್ಚಿ ಕರೆದೊಯ್ಯಬೇಡಿ.

ಔಷಧ, ಹುಳು, ಲಸಿಕೆ

ಕುರಿ ಸಾಕುವ ಮನೆಯಲ್ಲಿ ಐವರ್‌ಮೆಕ್ಟಿನ್ ಬಾಟಲಿ ಇದ್ದೇ ಇರುತ್ತದೆ. ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷವಿರುವುದರಿಂದ ಆ ಔಷಧ ಮಿದುಳಿಗೆ ಇಳಿದು ಪ್ರಾಣ ತೆಗೆಯಬಹುದು. ಔಷಧ ಕೊಟ್ಟ ಕುರಿಯ ಹಿಕ್ಕೆ ತಿಂದರೂ ಅಪಾಯವೇ. ಕುರಿಗೆ ಔಷಧ ಹಾಕಿದ ಮೇಲೆ ಕೆಲವು ದಿನ ನಾಯಿಯನ್ನು ದೊಡ್ಡಿಯಿಂದ ದೂರ ಕಟ್ಟಿ.

ಸತ್ತ ಕುರಿಯ ತಲೆ, ಮಿದುಳು, ಪಿತ್ತಜನಕಾಂಗ, ಶ್ವಾಸಕೋಶವನ್ನು ನಾಯಿಗೆ ಹಸಿಯಾಗಿ ಹಾಕುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಕುರಿ ಒಂದೇ ಕಡೆಗೆ ಗಿರಗಿರನೆ ಸುತ್ತಿ ಬಿದ್ದು ಸಾಯುವ ಕಾಯಿಲೆ ಇದೆಯಲ್ಲ, ಅದು ನಾಯಿಯ ಹೊಟ್ಟೆಯ ಲಾಡಿಹುಳುವಿನಿಂದ ಬರುವುದು. ಆ ಮಿದುಳು ತಿಂದ ನಾಯಿಯಲ್ಲಿ ಹುಳು ಬೆಳೆಯುತ್ತದೆ, ಅದರ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ಇನ್ನೊಂದು ಜಾತಿಯ ಹುಳು ಮನುಷ್ಯರ ಪಿತ್ತಜನಕಾಂಗದಲ್ಲಿಯೂ ನೀರುಗುಳ್ಳೆ ಮಾಡುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಪ್ರಾಜಿಕ್ವಾಂಟೆಲ್ ಇರುವ ಹುಳುಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿ. ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆ ತಪ್ಪಿಸಬೇಡಿ. ಡಿಸ್ಟೆಂಪರ್ ನಾಯಿಯಿಂದ ತೋಳಕ್ಕೂ ಹಬ್ಬುತ್ತದೆ. ನಮ್ಮ ಕುರಿ ಕದ್ದರೂ ಆ ತೋಳ ಈ ಹುಲ್ಲುಗಾವಲಿನದು, ಬೀರಪ್ಪನ ಹಿಂಡಿನಷ್ಟೇ ಹಳೆಯದು. ಮಳೆಗಾಲದಲ್ಲಿ ಪ್ರತಿ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ ತೆಗೆಯಿರಿ.

ಪಂದ್ಯ ಹೂಡುವುದು

ದಾಖಲೆಗಳಲ್ಲಿ ಸಿಗುವ ಮೊದಲ ಪಂದ್ಯಗಳಲ್ಲಿ ಹೆಸರಾದದ್ದು 1873ರಲ್ಲಿ ವೇಲ್ಸ್‌ನ ಬಾಲಾದಲ್ಲಿ ನಡೆದದ್ದು. ಗೆದ್ದವನು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಥಾಮ್ಸನ್, ನಾಯಿಯ ಹೆಸರು ಟ್ವೀಡ್. 1906ರಲ್ಲಿ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಹುಟ್ಟಿತು. ಇಂದಿಗೂ ಅದರ ಅತಿ ದೊಡ್ಡ ಪಂದ್ಯದ ಕೊನೆಯ ಸುತ್ತಿನಲ್ಲಿ ನಾಯಿ ಒಂದು ಕಡೆ ಹತ್ತು ಕುರಿ ತಂದು, ಅವುಗಳನ್ನು ಬಿಟ್ಟು ಮತ್ತೆ ಹಿಂದಿರುಗಿ ಇನ್ನೊಂದು ಕಡೆಯ ಹತ್ತನ್ನು ತರಬೇಕು. ಆಮೇಲೆ ಇಪ್ಪತ್ತರಲ್ಲಿ ಕೊರಳಪಟ್ಟಿ ಕಟ್ಟಿದ ಐದನ್ನು ಉಳಿಸಿ ಹದಿನೈದನ್ನು ಬೇರ್ಪಡಿಸಬೇಕು.

ನಾವು ಅಷ್ಟು ದೂರ ಹೋಗಬೇಕಿಲ್ಲ. ಹಿಂಗಾರಿ ಜೋಳ ಕೊಯ್ದ ಮೇಲೆ, ಫೆಬ್ರವರಿ ಕೊನೆಗೆ, ಮೂರು ನಾಲ್ಕು ಎಕರೆ ಬಯಲು ಸಿಕ್ಕರೆ ಸಾಕು. ಜೋಳದ ಕೂಳೆ ಕಾಲಿಗೆ ಚುಚ್ಚುತ್ತದೆ, ಮೊದಲೇ ಒಮ್ಮೆ ಕುಂಟೆ ಹೊಡೆಸಿ. ಪ್ರತಿ ನಾಯಿಗೆ ಐದು ಕುರಿ, ಹತ್ತು ನಿಮಿಷ. ಸುತ್ತಿಹೋಗಲು 100 ಮೀಟರ್. ಅಟ್ಟುವ ದಾರಿಯಲ್ಲಿ ಎರಡು ಕಡೆ, 7 ಗಜ ಅಂತರದ ಗೂಟಗಳ ಬಾಗಿಲು. ಕೊನೆಗೆ ಎಂಟೊಂಬತ್ತು ಅಡಿಯ ದೊಡ್ಡಿ. ಅದರ ಬಾಗಿಲಿಗೆ ಆರು ಅಡಿ ಹಗ್ಗ. ಹಗ್ಗ ಹಿಡಿದವರು ಅದನ್ನು ಬಿಡುವಂತಿಲ್ಲ, ಕುರಿಯನ್ನು ಮುಟ್ಟುವಂತಿಲ್ಲ. ಒಳಗೆ ಸೇರಿಸುವುದು ನಾಯಿಯ ಕೆಲಸ.

ಅಂಕ 100. ಸುತ್ತಿಹೋಗಲು 20, ಎಬ್ಬಿಸಲು 10, ತರಲು 20, ಅಟ್ಟಲು 30, ಬೇರ್ಪಡಿಸಲು 10, ಕೂಡಿಹಾಕಲು 10. ತೀರ್ಪುಗಾರರು ಪೂರ್ತಿ ಅಂಕದಿಂದ ಶುರುಮಾಡಿ ತಪ್ಪಿಗೆ ಕಳೆಯುತ್ತ ಹೋಗುತ್ತಾರೆ. ಕುರಿ ಗೆರೆ ತಪ್ಪಿದರೆ ಕಳೆಯುತ್ತಾರೆ, ಕುರಿ ಓಡಿದರೆ ಕಳೆಯುತ್ತಾರೆ. ಕಾರಣವಿಲ್ಲದೆ ಕಚ್ಚಿದ ನಾಯಿ ಅಲ್ಲಿಗೇ ಹೊರಗೆ. ತೀರ್ಪು ಹೇಳಲು ನಾಯಿ ಬಲ್ಲವರಿಗಿಂತ ಕುರಿ ಬಲ್ಲವರನ್ನು ಕೂಡಿಸಿ. ಎಪ್ಪತ್ತು ದಾಟಿದ, ಧನಗರ ಎಂಬ ಕುರಿಗಾರ ಸಮುದಾಯದ ಇಬ್ಬರು ಹಿರಿಯರು ನಮ್ಮಲ್ಲಿ ತೀರ್ಪು ಕೊಡುತ್ತಾರೆ. ಅವರು ನಾಯಿಯ ಕಡೆ ನೋಡುವುದೇ ಕಡಿಮೆ.

ನಮ್ಮ ಜನಕ್ಕೆ ಟಗರಿನ ಕಾಳಗ ನೋಡಿ ಅಭ್ಯಾಸ. ಹಲಗೆ ಬಾರಿಸುವುದು, ಸೀಟಿ ಹೊಡೆಯುವುದು ಅಲ್ಲಿ ಸಹಜ. ಇಲ್ಲಿ ಒಂದು ಸೀಟಿ ಬಿದ್ದರೂ ನಾಯಿ ಅದನ್ನೇ ಆಜ್ಞೆಯೆಂದು ತಿಳಿಯುತ್ತದೆ. ನಾವು ಭಂಡಾರ ಹಾರಿಸಿ, ಹಲಗೆ ಬಾರಿಸಿ ಪೂಜೆಯನ್ನು ಬೆಳಗ್ಗೆ ಆರಕ್ಕೇ ಮುಗಿಸಿಬಿಡುತ್ತೇವೆ, ಕುರಿಗಳನ್ನು ಬಯಲಿಗೆ ತರುವುದು ಆಮೇಲೆ. ಹಿಂಡುಗಳಿಗೆ ಪಿಪಿಆರ್ (ಕುರಿ, ಮೇಕೆಗಳಿಗೆ ಬೇಗ ಹಬ್ಬುವ ಕಾಯಿಲೆ) ಲಸಿಕೆ ಆಗಿರಬೇಕು, ಪಶುವೈದ್ಯರೊಬ್ಬರು ಜೊತೆಯಲ್ಲಿರಬೇಕು. ಒಂದೇ ಐದು ಕುರಿಗಳನ್ನು ಎರಡು ನಾಯಿಗಳಿಗಿಂತ ಹೆಚ್ಚಿಗೆ ಕೊಡಬೇಡಿ. ಹತ್ತು ನಾಯಿಗಳಿದ್ದರೆ ಇಪ್ಪತ್ತೈದು ಕುರಿ ಬೇಕು ಎಂದು ಲೆಕ್ಕ ಹಾಕಿ. ಓಟ ಮುಗಿದ ಕುರಿಗಳಿಗೆ ನೆರಳು, ನೀರು, ಒಂದು ಹಿಡಿ ಹಸಿಮೇವು. ನಾಯಿಯನ್ನು ಐದು ನಿಮಿಷ ನಡೆಸಿ, ಏದುಸಿರು ಇಳಿದ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಕೊಡಿ, ನಾಲ್ಕೂ ಪಾದಗಳನ್ನು ಎತ್ತಿ ಮುಳ್ಳು ನೋಡಿ. ಸುಪೆಯ ಕಡೆ ಜಾಲಿಮುಳ್ಳು ಹೆಚ್ಚು. ಚಿಮಟವನ್ನು ಜೇಬಿನಲ್ಲಿಯೇ ಇಟ್ಟುಕೊಂಡಿರಿ.